ಅಧಿವೇಶನದ ಮಧ್ಯಾಹ್ನ ಮಲಗಿಸಿದ ಟವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಟವರು ಮಲಗಿತು. ಕೆಟ್ಟು ನಿಂತದ್ದಲ್ಲ, ಕರೆಂಟು ಹೋದದ್ದೂ ಅಲ್ಲ. ಬೆಳಗಾವಿಯಿಂದ ಅದನ್ನು ಮಲಗಿಸಲಾಯಿತು. ನಾನು ಅದರ ಬುಡದ ತಗಡಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪರದೆಯ ಮೇಲೆ ಹಸಿರಾಗಿದ್ದ ಸಾಲು ನೋಡುನೋಡುತ್ತ ಬೂದಿ ಬಣ್ಣಕ್ಕೆ ತಿರುಗಿತು. ಹೊರಗೆ ಜನರೇಟರಿನ ಪಕ್ಕ ನಿಂತಿದ್ದ ನಮ್ಮ ಟೆಕ್ನಿಷಿಯನ್ ಕಾಕಾ ತಮ್ಮ ಫೋನನ್ನು ಆಕಾಶಕ್ಕೆ ಹಿಡಿದು, "ಮೇಡಮ್ಮಾರ, ನೆಟ್‌ವರ್ಕ್ ಹೋತ ನೋಡ್ರಿ" ಎಂದರು.

ಖಾನಾಪುರ ದಾಟಿ, ಹಲಸಿಯ ರಸ್ತೆಯನ್ನು ಬಿಟ್ಟು ಕಾಡಿನ ಕಡೆ ತಿರುಗಿದರೆ ಸಿಗುವ ಸಣ್ಣ ಊರದು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾದಾಗಿನಿಂದ ಅಲ್ಲಿಂದ ದೂರುಗಳು ಬರುತ್ತಿದ್ದವು. ಮಧ್ಯಾಹ್ನವಾದರೆ ನೆಟ್‌ವರ್ಕ್ ಇರುವುದಿಲ್ಲ, ಕತ್ತಲಾದ ಮೇಲೆ ತಾನಾಗಿ ಬರುತ್ತದೆ. ಕಚೇರಿಯಲ್ಲಿ ಕೂತು ನೋಡಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. "ಹೋಗಿ ನೋಡಿ ಬಾರವಾ, ಟವರ್ ಛಲೋ ಐತಿ ಅಂತ ಒಂದ ರಿಪೋರ್ಟ್ ಹಾಕಿಬಿಡು" ಎಂದು ಮ್ಯಾನೇಜರ್ ನನ್ನನ್ನೂ ಕಾಕಾನನ್ನೂ ಜೀಪಿನಲ್ಲಿ ಕಳಿಸಿದ್ದರು. ಟವರು ನಿಜಕ್ಕೂ ಚೆನ್ನಾಗಿತ್ತು. ಬ್ಯಾಟರಿ, ಕೇಬಲ್, ಆಂಟೆನಾ ಎಲ್ಲವನ್ನೂ ಪರೀಕ್ಷಿಸಿ ಮುಗಿಸಿದ್ದೆವು.

ಇಲ್ಲಿ ನಮ್ಮ ಕೆಲಸದ ಒಂದು ಸಂಗತಿ ಹೇಳಬೇಕು. ಮೊಬೈಲ್ ಕಂಪನಿಯ ಟವರುಗಳನ್ನು ಗುತ್ತಿಗೆಯ ಮೇಲೆ ನಡೆಸಿಕೊಡುವವರು ನಾವು; ಆ ಕಂಪನಿ ನಮ್ಮ ಗಿರಾಕಿ. ಹಿಂದೆ ಪ್ರತಿ ಟವರಿನ ಬುಡದಲ್ಲೂ ಅದರದೇ ಆದ ಯಂತ್ರವಿರುತ್ತಿತ್ತು. ಈಗ ಟವರಿನಲ್ಲಿ ಉಳಿದಿರುವುದು ಆಂಟೆನಾ ಮತ್ತು ರೇಡಿಯೊ ಪೆಟ್ಟಿಗೆ ಮಾತ್ರ. ಅದರ ಬುದ್ಧಿಯೆಲ್ಲ ಫೈಬರಿನ ಆಚೆ ತುದಿಯಲ್ಲಿ, ಬೆಳಗಾವಿಯ ಒಂದು ಸರ್ವರ್ ಕೋಣೆಯಲ್ಲಿದೆ. ನಗರದ ಟವರುಗಳೂ ಖಾನಾಪುರ ತಾಲೂಕಿನ ಟವರುಗಳೂ ಅದೇ ಸರ್ವರುಗಳನ್ನು ಹಂಚಿಕೊಂಡು ಬದುಕುತ್ತವೆ. ಯಾವ ಟವರಿಗೆ ಎಷ್ಟು ಎಂಬುದನ್ನು ಒಂದು ಪ್ರೋಗ್ರಾಮು ಗಳಿಗೆಗಳಿಗೆಗೂ ತೀರ್ಮಾನಿಸುತ್ತದೆ. ನಮ್ಮ ಶಿಫ್ಟಿನಲ್ಲಿ ಅದಕ್ಕೆ ಇಟ್ಟ ಹೆಸರು "ಬಡಸಾಂವ", ಬಡಿಸುವವನು. ಪಂಕ್ತಿಯಲ್ಲಿ ಉಣ್ಣುವವರ ಎಲೆ ನೋಡಿ ಬಡಿಸುತ್ತಾನೆ, ಉಣ್ಣದವರ ಎಲೆ ಎತ್ತಿಬಿಡುತ್ತಾನೆ. ಅಧಿವೇಶನದ ಸಮಯದಲ್ಲಿ ಸೌಧದ ಸುತ್ತ ಪ್ರತಿಭಟನೆಯ ಡೇರೆಗಳು, ಪೊಲೀಸರು, ಟಿವಿಯವರ ನೇರಪ್ರಸಾರ. ಮಧ್ಯಾಹ್ನ ಅಲ್ಲಿ ಹಸಿವು ಹೆಚ್ಚಿದಂತೆ ಇವನು ಕಾಡಿನಂಚಿನ ಟವರುಗಳ ಎಲೆ ಎತ್ತುತ್ತಿದ್ದ. ಅಂಥ ಟವರು ಪರದೆಯ ಮೇಲೆ ಕೆಂಪಾಗುವುದಿಲ್ಲ, ಬೂದಿಯಾಗುತ್ತದೆ. ಬೂದಿಯೆಂದರೆ ದೋಷವಲ್ಲ, ಉಳಿತಾಯ. ಪಕ್ಕದ ಟವರು ಆ ಊರನ್ನು ನೋಡಿಕೊಳ್ಳುತ್ತದೆ ಎಂದು ನಕ್ಷೆ ಹೇಳುತ್ತದೆ. ನಡುವೆ ಒಂದು ಗುಡ್ಡವಿರುವುದು ನಕ್ಷೆಗೆ ಗೊತ್ತಿರಲಿಲ್ಲ.

ದೂರಿನ ಕಾರಣ ಸಿಕ್ಕಿತೆಂದು ನನಗೆ ಒಂದು ಕ್ಷಣ ಖುಷಿಯೇ ಆಯಿತು. ಅಷ್ಟರಲ್ಲಿ ಬೇಲಿಯ ಹೊರಗೆ ಕೂಗು ಕೇಳಿತು.

ಹತ್ತಿಪ್ಪತ್ತು ಜನ ಓಡಿಬರುತ್ತಿದ್ದರು. ಕೆಲವರ ಕೈಯಲ್ಲಿ ಭತ್ತ ಕೊಯ್ಯುವ ಕುಡುಗೋಲು ಹಾಗೆಯೇ ಇತ್ತು. ಎಲ್ಲರಿಗಿಂತ ಮುಂದೆ ನೀಲಿ ಬನಿಯನ್ನಿನ ಒಬ್ಬ ಗಟ್ಟಿ ಆಳು, ಅವನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು.

"ಏ, ಯಾರ ಒಳಗ? ಬಂದ್ ಮಾಡೀರೇನು?" ಎಂದು ಆತ ಗೇಟು ಒದ್ದ.

"ನಾವ ಬಂದ್ ಮಾಡಿಲ್ಲೋ ತಮ್ಮಾ. ತಾನ ಹೋಗೇತಿ" ಎಂದರು ಕಾಕಾ.

"ತಾನ ಹೋಗಾಕ ಅದೇನ ಎಮ್ಮಿ ಏನು? ನೀವು ಒಳಗ ಹೊಕ್ಕೀರಿ, ಅದು ಹೋತು. ನಮಗ ಕಣ್ಣಿಲ್ಲೇನು?"

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಕಂಪನಿಯ ಜೀಪು ಬಂತು, ಇಬ್ಬರು ಒಳಗೆ ಹೋದರು, ನೆಟ್‌ವರ್ಕ್ ಹೋಯಿತು. ಆ ಭಾಗದಲ್ಲಿ ಯಾವ ಕಂಪನಿಯ ಸಿಮ್ ಇದ್ದರೂ ಅದೊಂದೇ ಟವರು.

ಹೆಂಗಸು ಬೇಲಿಯ ತಂತಿಗೆ ಎರಡೂ ಕೈ ಹಾಕಿ ನನ್ನನ್ನೇ ನೋಡಿ ಹೇಳಿದಳು: "ನಮ್ಮ ಮನ್ಯಾರು ಹಳ್ಳದ ಆಚೆ ಅಟ್ಟಣಿಗಿ ಮ್ಯಾಲೆ ಭತ್ತ ಕಾಯಾಕ ಕುಂತಾರು. ಒಂಟಿ ಆನಿ ಹಳ್ಳಕ್ಕ ಇಳದೈತಿ. ದನಾ ಮೇಸಾಕ ಹೋದವರು ನೋಡ್ಯಾರ. ಹೊತ್ತು ಮುಳುಗೂ ಮುಂದ ಅವರು ಇಳದು ಅದ ಹಳ್ಳದಾಗ ಹಾದು ಮನಿಗೆ ಬರ್ತಾರು. ಅವರಿಗೆ ಗೊತ್ತಿಲ್ಲ."

ಕೂಗಿದರೆ ಅಲ್ಲಿಗೆ ಕೇಳಿಸದು. ಪಟಾಕಿ ಹೊಡೆದರೆ ಆನೆ ಊರು ಬಿಟ್ಟು ಅಟ್ಟಣಿಗೆಯ ಕಡೆಗೇ ಓಡುತ್ತದೆ. ಸುತ್ತುಬಳಸಿ ಕಾಡಿನ ದಾರಿಯಲ್ಲಿ ಹೋದರೆ ಕತ್ತಲಾಗುವುದರೊಳಗೆ ತಲುಪುವುದಿಲ್ಲ. ಇದನ್ನೆಲ್ಲ ಅವರು ಒಬ್ಬರ ಮಾತಿನ ಮೇಲೊಬ್ಬರು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಗಿ ಹೇಳಿದರು. ಉಳಿದದ್ದು ಫೋನು ಮಾತ್ರ.

"ಎಬ್ಬಸಾಕ ನೋಡ್ತೀನ್ರಿ" ಎಂದೆ. ಹಾಗೆ ಹೇಳಿದ್ದೇ ಕೆಟ್ಟದಾಯಿತು.

"ನೋಡಿದ್ರೇನ, ಇವರ ಕೈಯಾಗ ಐತಿ ಅಂದಂಗಾತು!" ನೀಲಿ ಬನಿಯನ್ ಬೇಲಿ ಹಾರಿ ಒಳಗೆ ಬಂದ. ಅವನ ಹಿಂದೆ ಇನ್ನೂ ಮೂರ್ನಾಲ್ಕು ಜನ. ಕಾಕಾನ ಫೋನು ಕಸಿದು ಅವರನ್ನು ಗೋಡೆಗೆ ಒರಗಿಸಿ ನೆಲಕ್ಕೆ ಕೂಡಿಸಿದರು. ಯಾರೋ ಜೀಪಿನ ಚಕ್ರದ ಗಾಳಿ ಬಿಡುತ್ತಿದ್ದ ಸುಯ್ಯೆಂಬ ಸದ್ದು. ಜನರೇಟರಿಗೆಂದು ಇಟ್ಟಿದ್ದ ಡೀಸೆಲ್ ಕ್ಯಾನನ್ನು ಆತ ಎತ್ತಿಕೊಂಡು, ನಾನು ನಿಂತಿದ್ದ ಕೋಣೆಯ ಬಾಗಿಲಿಗೆ, ಹೊಸ್ತಿಲಿಗೆ, ಗೋಡೆಯ ಬುಡಕ್ಕೆ ಸುರಿದ. ಅವಸರ ಮಾಡಲಿಲ್ಲ. ಗಿಡಕ್ಕೆ ನೀರು ಹಾಕುವಷ್ಟು ಎಚ್ಚರದಿಂದ ಸುರಿದ. ಅದೇ ನನಗೆ ಈಗಲೂ ಮತ್ತೆ ಮತ್ತೆ ಕಾಣುವುದು.

"ಒಳಗ ನಡಿ. ಚಾಲೂ ಮಾಡು. ನಮ್ಮಣ್ಣಗ ಏನರ ಆತಂದ್ರ ನೀನೂ ಇಲ್ಲೇ." ಅವನ ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಅಟ್ಟಣಿಗೆಯ ಮೇಲಿದ್ದವನು ಅವನ ಅಣ್ಣ ಎಂದು ಆಗ ತಿಳಿಯಿತು.

ಟವರು ಮಲಗಿದ್ದರೂ ಬೆಳಗಾವಿಯ ಫೈಬರ್ ಜೀವಂತವಿತ್ತು. ಲ್ಯಾಪ್‌ಟಾಪಿನಿಂದಲೇ ಮ್ಯಾನೇಜರನ್ನು ಕರೆದೆ.

"ಸರ್, ಈ ಟವರ್ ಎಬ್ಬಸಬೇಕ್ರಿ."

"ಯಾಕವಾ? ಅಲ್ಲಿ ಲೋಡ್ ಸೊನ್ನಿ ಐತಿ."

"ಜನಾ ಒಳಗ ಬಂದಾರ. ಬಾಗಲಕ ಡೀಸೆಲ್ ಸುರದಾರ."

"ಪೊಲೀಸರಿಗೆ ಹೇಳ್ತೀನಿ. ಅಲ್ಲಿತನಕ ನೀ ಏನೂ ಮುಟ್ಟಬ್ಯಾಡ."

"ಪೊಲೀಸರೆಲ್ಲಾ ಅಧಿವೇಶನದ ಬಂದೋಬಸ್ತಿಗೆ ಅಲ್ಲೇ ಅದಾರಲ್ರಿ ಸರ್. ಈ ಟವರಿಗೆ ಕನಿಷ್ಠ ಒಂದ ಪಾಲು ಕಟ್ಟಿ ಕೊಡ್ರಿ. ಸಂಜಿತನಕ ಸಾಕು."

"ಆ ನಿಯಮ ನಮ್ಮ ಕೈಯಾಗಿಲ್ಲ, ಗಿರಾಕಿ ಕಂಪನಿಯವರ ಒಪ್ಪಿಗಿ ಬೇಕು. ಇಲ್ಲಿ ಡೇರೆದಾಗ ಮಂದಿ ಹುಳಾ ತುಂಬಿದಂಗ ತುಂಬೈತಿ. ಅವರ ಲೈವ್ ನಿಂತರ ನಮ್ಮ ಗುತ್ತಿಗೀನ ಹೋಗ್ತೈತಿ. ಶಾಣ್ಯಾಕಿ ಅದಿ, ಮಾತಾಡಿ ಸಮಾಧಾನ ಮಾಡು."

ಹೊರಗಿನಿಂದ ಎಲ್ಲರೂ ಇದನ್ನು ಕೇಳುತ್ತಿದ್ದರು. "ಸಮಾಧಾನ ಮಾಡಂತ!" ಎಂದು ಯಾರೋ ನಕ್ಕರು. ಒಂದು ಕಲ್ಲು ತಗಡಿಗೆ ಬಿತ್ತು.

ನಾನು ಎಬ್ಬಿಸುವ ಆಜ್ಞೆ ಕೊಟ್ಟೆ. ಸರ್ವರ್ ಒಂದು ಪಾಲು ಕೊಟ್ಟಿತು, ಟವರಿನ ತಂತ್ರಾಂಶ ಮೇಲೇಳತೊಡಗಿತು, ಸಾಲು ಹಸಿರಾಯಿತು. ಫೋನುಗಳು ಅದನ್ನು ಕಂಡುಕೊಳ್ಳುವ ಮೊದಲೇ ಬಡಸಾಂವ ಮುಂದಿನ ಸುತ್ತಿಗೆ ಬಂದ, ಉಣ್ಣುವವರಿಲ್ಲವೆಂದು ಎಲೆ ಎತ್ತಿದ. ಮತ್ತೆ ಬೂದಿ. ಎರಡನೆಯ ಸಲ ಕೊಟ್ಟೆ. ಈ ಸಲ ಹೊರಗಿನ ಫೋನುಗಳಲ್ಲಿ ನೆಟ್‌ವರ್ಕ್ ಬಂತು. ಹೆಂಗಸು ಗುಂಡಿ ಒತ್ತುವಷ್ಟರಲ್ಲಿ ಹೋಯಿತು.

"ಆಟಾ ಆಡಾಕತ್ತಾಳ ಇಕಿ! ತೋರ್ಸಿ ತೋರ್ಸಿ ಕಸಗೊಳ್ಳಾಕತ್ತಾಳ!"

ಕಾಕಾನ ಕೆನ್ನೆಗೆ ಒಂದು ಏಟು ಬಿದ್ದ ಸದ್ದು ಕೇಳಿತು. ನಾನು ಎದ್ದು ಬಾಗಿಲ ಕಡೆ ತಿರುಗಿದರೆ ಕುಡುಗೋಲಿನ ತುದಿ ನನ್ನನ್ನು ಮತ್ತೆ ಕೂರಿಸಿತು. ಡೀಸೆಲ್ ಹೊಸ್ತಿಲು ದಾಟಿ ನನ್ನ ಚಪ್ಪಲಿಯವರೆಗೆ ಹರಿದಿತ್ತು.

ಮಲಗಿದ ಟವರಿಗೆ ಯಾರು ಕರೆಯುತ್ತಿದ್ದಾರೆಂದು ಕೇಳಿಸುವುದಿಲ್ಲ, ಹಾಗಾಗಿ ಅದಕ್ಕೆ ಬೇಡಿಕೆ ಹುಟ್ಟುವುದೇ ಇಲ್ಲ. ಆದರೆ ಅದು ಮಲಗುವ ಮೊದಲಾದರೂ ಯಾಕೆ ಬೇಡಿಕೆ ಕಾಣಲಿಲ್ಲ? ಇಡೀ ಊರಿನಲ್ಲಿ ಫೋನುಗಳಿವೆ. ಹಿಂದಿನ ದಿನಗಳ ಲೆಕ್ಕ ತೆಗೆದು ನೋಡಿದೆ. ಮಾತಾಡಿದ ಸಮಯ ಹೆಚ್ಚುಕಡಿಮೆ ಏನೂ ಇಲ್ಲ. ಡೇಟಾ ಇಲ್ಲ. ಆದರೆ ಕರೆಯ ಪ್ರಯತ್ನಗಳು ರಾಶಿ ರಾಶಿ, ಎಲ್ಲವೂ ಎತ್ತುವ ಮೊದಲೇ ಕತ್ತರಿಸಿದವು.

"ಯಾಕ್ರೀ, ನೀವು ಫೋನ್ ಎತ್ತಿ ಮಾತಾಡೂದಿಲ್ಲೇನು?" ಎಂದು ಕೂಗಿ ಕೇಳಿದೆ.

"ಈಗ ಅದನ್ನ ಕೇಳಾಕ ಬಂದಿಯೇನ?" ಹೆಂಗಸಿನ ದನಿ ಸೀಳಿತ್ತು. "ಮಾತು ಎಲ್ಲಿ ಕೇಳಸ್ತೈತಿ ನಿಮ್ಮ ದರಿದ್ರ ಟವರಿನಾಗ, ಕಟಕಟ ಅಂತೈತಿ. ರಿಂಗ್ ಕೊಟ್ಟು ಬಿಡ್ತೀವಿ. ಒಂದ ಕೊಟ್ರ ಊಟಕ್ಕ ಬಾ. ಎರಡ ಕೊಟ್ರ ಆನಿ ಐತಿ, ಅಲ್ಲೇ ಇರು. ಅವರು ತಿರಗಿ ಒಂದ ಕೊಟ್ರ ಗೊತ್ತಾತು ಅಂತ."

ನಮ್ಮ ಪ್ರೋಗ್ರಾಮು ಮಾತಿನ ನಿಮಿಷ ಎಣಿಸುತ್ತಿತ್ತು, ಡೇಟಾ ತೂಗುತ್ತಿತ್ತು. ಎತ್ತದ ರಿಂಗಿಗೆ ಅದರಲ್ಲಿ ಬೆಲೆಯಿರಲಿಲ್ಲ. ಈ ಊರಿನ ಎಲ್ಲ ಮಾತೂ ಅಂಥ ರಿಂಗೇ ಆಗಿತ್ತು.

ಕಿಟಕಿಯಿಲ್ಲದ ಆ ಕೋಣೆಯೊಳಗೆ ಬಿಸಿಲು ಬಾಗಿಲ ಮೂಲಕ ಉದ್ದಕ್ಕೆ ಚಾಚತೊಡಗಿತ್ತು. ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ.

ನನಗೆ ಸುರಕ್ಷತೆಯ ಬೀಗ ನೆನಪಾಯಿತು. ಟವರು ಹತ್ತಿ ಕೆಲಸ ಮಾಡುವವರಿಗಾಗಿ ಇಟ್ಟದ್ದು ಅದು. ಸ್ಥಳದಲ್ಲಿರುವ ಎಂಜಿನಿಯರ್ ಜೀವಾಪಾಯವೆಂದು ಬರೆದು ಹಾಕಿದರೆ ಬಡಸಾಂವ ನಿಲ್ಲುತ್ತಾನೆ. ಆ ಸರ್ವರುಗಳ ಮೇಲಿರುವ ಎಲ್ಲ ಟವರುಗಳೂ ಆ ಕ್ಷಣ ಹೇಗಿದ್ದವೋ ಹಾಗೆಯೇ ಉಳಿಯುತ್ತವೆ. ಹಾಕಿದವರೇ ತೆಗೆಯಬೇಕು, ಮ್ಯಾನೇಜರಿಗೂ ಬರುವುದಿಲ್ಲ. ಯಾವಾಗಲೂ ಅದನ್ನು ಮಲಗಿಸಿದ ಟವರಿನ ಮೇಲೆ ಹಾಕುತ್ತಾರೆ, ಮೇಲಿರುವವನಿಗೆ ಅಪಾಯವಾಗದಂತೆ. ಎದ್ದಿರುವಾಗ ಹಾಕಿದರೆ ಎದ್ದೇ ಇರುತ್ತದೆ. ಆದರೆ ನಗರಕ್ಕೆ ಆಮೇಲೆ ಒಂದು ತುತ್ತೂ ಹೆಚ್ಚು ಸಿಗುವುದಿಲ್ಲ. ಸಂಜೆ ಡೇರೆಗಳಲ್ಲಿ ಜನ ಹೆಚ್ಚುವ ಹೊತ್ತು. ಅಲ್ಲಿಯೂ ಯಾರಿಗೋ ಎದೆನೋವು ಬರಬಹುದು, ಅಲ್ಲಿಯೂ ಯಾರೋ ಆಂಬುಲೆನ್ಸ್ ಕರೆಯಬಹುದು. ಅದನ್ನು ಯೋಚಿಸಿದೆ. ಯೋಚಿಸಿಯೇ ಮಾಡಿದೆ.

ಬೀಗದ ಅರ್ಜಿಯನ್ನು ಮೊದಲೇ ತುಂಬಿಟ್ಟುಕೊಂಡೆ. ಎಷ್ಟು ಜನರ ಜೀವಕ್ಕೆ ಅಪಾಯ ಎಂದು ಕೇಳುವಲ್ಲಿ "ಮೂವರು" ಎಂದು ಬರೆದೆ. ಅದರಲ್ಲಿ ಕಾಕಾ ಮತ್ತು ನಾನು ಸೇರಿದ್ದೆವು. ಆಮೇಲೆ ಮೂರನೆಯ ಸಲ ಎಬ್ಬಿಸುವ ಆಜ್ಞೆ ಕೊಟ್ಟೆ. ಸಾಲು ಹಸಿರಾಗುವುದನ್ನೇ ಕಾದು, ಆದ ತಕ್ಷಣ ಬೀಗ ಒತ್ತಿದೆ. ಸುತ್ತು ಬರುವ ಹೊತ್ತಾಯಿತು. ದಾಟಿತು. ಸಾಲು ಹಸಿರಾಗಿಯೇ ಇತ್ತು.

"ಈಗ ಕೊಡ್ರಿ" ಎಂದೆ. "ಎರಡ ರಿಂಗ್ ಕೊಡ್ರಿ!"

ಹೆಂಗಸು ಒತ್ತಿದಳು. ಕಿವಿಗೆ ಹಿಡಿದಳು. ತಲೆ ಅಲ್ಲಾಡಿಸಿದಳು. ಫೋನು ಸಂಪರ್ಕದಲ್ಲಿಲ್ಲ ಎನ್ನುತ್ತಿತ್ತು.

"ಅವರ ಫೋನು ಇನ್ನೂ ಟವರ್ ಹುಡಕಾಕತ್ತಿರ್ತೈತಿ. ಬಹಳ ಹೊತ್ತು ಸಿಗದಿದ್ರ ಬ್ಯಾಟರಿ ಉಳಸಾಕ ನಿಧಾನ ಹುಡಕ್ತೈತಿ. ಸ್ವಲ್ಪ ತಡೀರಿ" ಎಂದೆ.

"ಇನ್ನ ತಡಿಯೂದು ಏನ ಉಳದೈತಿ?" ಎಂದ ನೀಲಿ ಬನಿಯನ್ನಿನ ತಮ್ಮ. ಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಬೆರಳುಗಳ ನಡುವೆ ಹಿಡಿದುಕೊಂಡ. "ವೈನೀ, ಹಚ್ಚತಾ ಇರು" ಎಂದು ಅತ್ತಿಗೆಗೆ ಹೇಳಿದ.

ಅದೇ ಹೊತ್ತಿಗೆ ಲ್ಯಾಪ್‌ಟಾಪಿನಿಂದ ಮ್ಯಾನೇಜರ್ ಕಿರುಚತೊಡಗಿದರು. "ಏನ ಮಾಡಿಟ್ಟಿ? ಡೇರೆ ಕಡೆ ಕಾಲ್ ಎಲ್ಲಾ ಕಟ್ ಆಗಾಕತ್ತಾವು! ಬೀಗ ತಗಿ!"

"ತಗಿಯೂದಿಲ್ರಿ."

"ನಿನ್ನ ನೌಕರಿ ನಾನ ಉಳಸಾಕ ಆಗೂದಿಲ್ಲ."

"ಸರ್, ನನ್ನ ಕಾಲಾಗ ಡೀಸೆಲ್ ಐತಿ."

ತಮ್ಮ ಬಾಗಿಲಿಗೆ ಬಂದು ಪರದೆಯನ್ನೂ ನನ್ನನ್ನೂ ನೋಡಿದ. ಅವನ ಕಣ್ಣಿನಲ್ಲಿ ಕರುಣೆ ಹುಟ್ಟಿತೆಂದು ಬರೆಯಲಾರೆ. ಲೆಕ್ಕ ಹಾಕುತ್ತಿದ್ದ. ಹಿಂದಿನಿಂದ ಹೆಂಗಸು "ಹೋತು, ರಿಂಗ್ ಹೋತು!" ಎಂದಳು. ಕತ್ತರಿಸಿ ಮತ್ತೆ ಕೊಟ್ಟಳು. ಆಮೇಲೆ ಎಲ್ಲರೂ ಅವಳ ಸುತ್ತ ಬಂದು ಫೋನಿನ ಮೇಲೆ ಬಗ್ಗಿದರು.

ಅವಳ ಕೈಯಲ್ಲಿ ಫೋನು ಒಮ್ಮೆ ಬಡಿದುಕೊಂಡು ನಿಂತಿತು.

ಅವಳು ಕೆಳಗೆ ಕೂತುಬಿಟ್ಟಳು. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದ್ದು ಇಷ್ಟೇ: "ಅವರು ಮನಿಗೆ ಬರೂತನಕ ಇದನ್ನ ಮುಟ್ಟಬಾರ್ದು. ಮುಟ್ಟಿದ್ರ ಮತ್ತ ನಿಮ್ಮನ್ನ ಹುಡುಕ್ಕೊಂಡು ಬೆಳಗಾವಿಗೆ ಬರ್ತೀವಿ."

ಗೇಟು ತೆರೆದರು. ಯಾರೂ ಚಕ್ರಕ್ಕೆ ಗಾಳಿ ತುಂಬಿಕೊಡಲಿಲ್ಲ, ಯಾರೂ ನೀರು ಕೊಡಲಿಲ್ಲ. ಕಾಕಾನ ತುಟಿ ಒಡೆದಿತ್ತು. ಡಾಂಬರು ರಸ್ತೆಯವರೆಗೆ ನಡೆದು, ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಖಾನಾಪುರ ಸೇರಿದೆವು. ಅಲ್ಲಿಂದ ಬೆಳಗಾವಿಯ ದಾರಿಯಲ್ಲಿ ದೇಸೂರ ದಾಟುವವರೆಗೂ ಮ್ಯಾನೇಜರ್ ಫೋನು ಮಾಡುತ್ತಲೇ ಇದ್ದರು. ನಾನು ಬೀಗ ತೆಗೆಯಲಿಲ್ಲ. ಮರುದಿನ ಬೆಳಗ್ಗೆ, ಅಟ್ಟಣಿಗೆಯ ಮೇಲಿದ್ದವನು ಮನೆಗೆ ಬಂದನೆಂದು ಖಾನಾಪುರ ಠಾಣೆಯಿಂದ ತಿಳಿದ ಮೇಲೆ ತೆಗೆದೆ.

ಬದುಕಿ ಬಂದವರನ್ನು ಕಚೇರಿ ಹೇಗೆ ನೋಡುತ್ತದೆಂದು ಆಮೇಲಿನ ದಿನಗಳಲ್ಲಿ ಕಲಿತೆ. ನನ್ನನ್ನು ಶಿಫ್ಟಿನಿಂದ ತೆಗೆದರು. ವಿಚಾರಣೆಯಲ್ಲಿ ಮ್ಯಾನೇಜರ್, "ಅಂಜಸಾಕ ಮಾಡಿದ್ರು, ಅಷ್ಟ. ಇಕಿ ಖರೇ ಅಂತ ತಿಳ್ಕೊಂಡಳು" ಎಂದರು. ಬೆನ್ನ ಹಿಂದೆ ಒಬ್ಬ ಸಹೋದ್ಯೋಗಿ, "ಆನಿ ಮ್ಯಾಲೆ ಅಂಬಾರಿ ಇಟ್ಟು ಮೆರಸೂಣು ತಗೋ ಇಕಿನ" ಎಂದದ್ದು ಕೇಳಿಸಿತು. ಗಿರಾಕಿ ಕಂಪನಿಯವರು ಡೇರೆಗಳಲ್ಲಿ ಕಡಿದುಹೋದ ಕರೆಗಳನ್ನು ತೋರಿಸಿ, ಇದಕ್ಕೆ ಯಾರು ಹೊಣೆ ಎಂದರು. "ನಾನು" ಎಂದೆ. ಆಮೇಲೆ ಆ ಊರಿನ ರಿಂಗುಗಳ ಲೆಕ್ಕ ಮುಂದಿಟ್ಟೆ. ಎತ್ತದ ಕರೆಯನ್ನೂ ಬೇಡಿಕೆಯೆಂದು ಎಣಿಸಬೇಕು; ಗುಡ್ಡದ ಮರೆಯ ಟವರುಗಳಿಗೆ ಯಾರೂ ಎತ್ತಲಾಗದ ಒಂದು ಪಾಲು ಇರಬೇಕು. ಅದು ಸಣ್ಣ ಪಾಲು, ನಗರಕ್ಕೆ ಗೊತ್ತೂ ಆಗುವುದಿಲ್ಲ. ಮೊದಲ ಸಲ ಅದನ್ನು ಓದದೆ ಪಕ್ಕಕ್ಕಿಟ್ಟರು. ಎರಡನೆಯ ಸಲ, ಟವರಿಗೆ ಬೆಂಕಿ ಬಿದ್ದಿದ್ದರೆ ಯಂತ್ರಗಳ ನಷ್ಟ ಎಷ್ಟಾಗುತ್ತಿತ್ತೆಂದು ಸೇರಿಸಿ ಕೊಟ್ಟೆ. ಆಗ ಓದಿದರು.

ಮನೆಯಲ್ಲಿ ನಿದ್ದೆ ಇರಲಿಲ್ಲ. ಅವ್ವ ಸಂಜೆ ದೀಪ ಹಚ್ಚಲು ಕಡ್ಡಿ ಗೀರಿದರೆ ನಾನು ಪಡಸಾಲೆಯಿಂದ ಅಂಗಳಕ್ಕೆ ಓಡಿದ್ದುಂಟು. ಚಪ್ಪಲಿ ಎಸೆದು ಹೊಸದು ತಂದರೂ ಡೀಸೆಲ್ ವಾಸನೆ ಬರುತ್ತಿತ್ತು. "ಅವರೂ ಮನಷ್ಯಾರ ಅಲ್ಲೇನವಾ, ಹಂಗ ಯಾರರ ಸುಡ್ತಾರೇನು? ಬಿಟ್ಟಬಿಡು" ಎಂದು ಅವ್ವ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಎಲ್ಲರೂ ಅದನ್ನೇ ಹೇಳುತ್ತಿದ್ದರು. ಹಾಗಾದರೆ ಸುಮ್ಮಸುಮ್ಮನೆ ಹೆದರಿ ನಗರದ ಕರೆಗಳನ್ನು ಕಡಿದೆನೇ? ರಾತ್ರಿಯಿಡೀ ಆ ಹೊಸ್ತಿಲಿಗೆ ಹೋಗಿ, ಅವನ ಬೆರಳ ನಡುವಿನ ಕಡ್ಡಿಯನ್ನು ನೋಡಿ, ಉತ್ತರವಿಲ್ಲದೆ ತಿರುಗಿ ಬರುತ್ತಿದ್ದೆ.

ಅಧಿವೇಶನ ಮುಗಿದು ಎಷ್ಟೋ ವಾರಗಳಾದ ಮೇಲೆ ಹೊಸ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಸ್ಥಳದಲ್ಲಿ ಪರೀಕ್ಷೆ ಮಾಡಿ ಸಹಿ ಹಾಕಬೇಕಿತ್ತು. ಬೇರೆ ಯಾರೂ ಆ ಊರಿಗೆ ಹೋಗಲು ಒಪ್ಪಲಿಲ್ಲ. ಒಂದು ಶನಿವಾರ ನಾನೇ ಹೋದೆ. ಕಾಕಾ ಜೀಪಿನಿಂದ ಇಳಿಯಲಿಲ್ಲ, ಎಂಜಿನ್ ಕೂಡ ಬಂದ್ ಮಾಡಲಿಲ್ಲ.

ಬೆಳಗಾವಿಯಲ್ಲಿ ನಗರದ ಟವರುಗಳಿಗೆ ಕೃತಕವಾಗಿ ಹೊರೆ ಹಾಕಿದರು. ಬಡಸಾಂವ ಸುತ್ತು ಬಂದ. ಹಸಿರು ಸಾಲು ತೆಳುವಾಯಿತು, ಅಳಿಯಲಿಲ್ಲ. ಮತ್ತೆ ಮತ್ತೆ ಬಂದ. ಉಳಿಯಿತು. ಕೋಣೆಯಿಂದ ಹೊರಗೆ ಬಂದಾಗ ತಮ್ಮ ಗೇಟಿನ ಬಳಿ ನಿಂತಿದ್ದ. ಬರಿಗೈಯಲ್ಲಿದ್ದ. ಆದರೂ ನಾನು ಗೇಟಿನಿಂದ ನಾಲ್ಕು ಮಾರು ದೂರದಲ್ಲೇ ನಿಂತೆ.

"ಇನ್ನ ಮಧ್ಯಾಹ್ನ ಹೋಗೂದಿಲ್ಲೇನ್ರಿ?"

"ಹೋಗೂದಿಲ್ರಿ."

"ಹೋದ್ರ?"

"ಹೋದ್ರ ನಾನ ಬರ್ತೀನಿ."

ಅವನು ತಲೆ ತಗ್ಗಿಸಿ ಕಾಲಿನಿಂದ ಕಲ್ಲೊಂದನ್ನು ಸರಿಸಿದ. "ಪೊಲೀಸರ ಮುಂದ ಸುಮ್ಮ ಅಂಜಸಾಕ ಮಾಡಿದ್ದೆ ಅಂತ ಬರದುಕೊಟ್ಟೀನ್ರಿ. ಕೇಸ್ ಆಕ್ಕೈತಿ ಅಂತ ಮಂದಿ ಹೇಳಿದ್ರು."

"ಗೊತ್ತೈತಿ."

"ಸುಳ್ಳ ಅದು." ಈಗ ನನ್ನ ಕಡೆ ನೋಡಿದ. "ಅಣ್ಣನ ರಿಂಗ್ ಬರದಿದ್ರ ಸುಡ್ತಿದ್ನಿ, ಮೇಡಮ್ಮಾರ. ನಿಮ್ಮ ಕೂಡ ಸುಳ್ಳ ಹೇಳಬಾರ್ದು ಅನಸ್ತು."

ಕ್ಷಮಿಸಿ ಎಂದು ಅವನು ಹೇಳಲಿಲ್ಲ. ಇರಲಿ ಬಿಡಿ ಎಂದು ನಾನೂ ಹೇಳಲಿಲ್ಲ. ನಾನು ಹೊರಗೆ ಬಂದ ಮೇಲೆ ಗೇಟನ್ನು ಅವನೇ ಎಳೆದು ಹಾಕಿದ.

ಅಂದು ರಾತ್ರಿ ಊಟ ಮಾಡಿ ಮಲಗಿದ ನಾನು ಆ ಹೊಸ್ತಿಲಿಗೆ ಹೋಗಲಿಲ್ಲ; ಅವ್ವ ಎಬ್ಬಿಸಿದಾಗ ಅಂಗಳದ ಅರ್ಧಕ್ಕೆ ಬಿಸಿಲು ಬಂದಿತ್ತು.